ನಾನು ಬೆಂಜ್ ಲಾರಿಯ ಕ್ಲೀನರ್ ಆಗಿದ್ದೆ

ನಮ್ಮ ಮನೆಯ ಮುಂಬಾಗಿಲು ಗಾಳಿಗೆ ಬಡಿದುಕೊಳ್ಳದ ಹಾಗೆ ಅದರ ಬುಡಕ್ಕೆ ಒಂದು ಮರದ ತುಂಡು ಇಡುತ್ತೇವೆ. ಒಂದು ಬದಿ ದಪ್ಪ, ಇನ್ನೊಂದು ಬದಿ ಇಳಿಜಾರು. ಗ್ರೀಸು, ಎಣ್ಣೆ ಕುಡಿದು ಕುಡಿದು ಕಪ್ಪಾಗಿದೆ. ಒಂದು ಅಂಚಿನಲ್ಲಿ ಟಯರು ಕಚ್ಚಿದ ಗುರುತು ಇನ್ನೂ ಇದೆ.

ಆರನೇ ತರಗತಿಯ ಮೊಮ್ಮಗಳು ಬೇಸಿಗೆ ರಜೆಯಲ್ಲಿ ಬಂದವಳು ಅದಕ್ಕೆ ಎಡವಿ ಕಾಲ್ಬೆರಳು ಹಿಡಿದುಕೊಂಡು ಕುಣಿದಳು.

“ಅಜ್ಜ, ಇದನ್ನು ಯಾಕೆ ಬಿಸಾಡುವುದಿಲ್ಲ ನೀವು? ಅಂಗಡಿಯಲ್ಲಿ ಚಂದದ ರಬ್ಬರಿನದ್ದು ಸಿಗ್ತದೆ.”

“ಅದು ಅಂತಿಂಥ ಮರ ಅಲ್ಲ ಮಗಾ. ಲೋಡು ತುಂಬಿದ ಲಾರಿಯನ್ನು ಶಿರಾಡಿ ಘಾಟಿಯಲ್ಲಿ ಹಿಡಿದು ನಿಲ್ಲಿಸಿದ ಮರ.”

“ಸುಳ್ಳು!”

ಸುಳ್ಳಲ್ಲ. ಅವಳಿಗೆ ಹೇಳಿದ ಕಥೆಯನ್ನೇ ಈಗ ನಿಮಗೂ ಹೇಳುತ್ತೇನೆ. ನನ್ನ ಓರಗೆಯವರಿಗೆ ಹಳೆಯ ಲಾರಿಗಳ ನೆನಪಾದೀತು. ಮಕ್ಕಳಿಗೆ, ಅಜ್ಜಂದಿರ ಕಾಲದಲ್ಲಿ ಅಕ್ಕಿ, ಹಂಚು, ಬಟಾಟೆ ಹೇಗೆ ಊರಿಂದೂರಿಗೆ ಹೋಗುತ್ತಿದ್ದವು ಎಂದು ತಿಳಿದೀತು. ನಡುವೆ ನಾನು ಮಾಡಿದ ಒಂದು ತಪ್ಪಿನ ಸಂಗತಿಯೂ ಬರುತ್ತದೆ. ಅದನ್ನು ಬಿಟ್ಟು ಹೇಳಿದರೆ ಕಥೆ ಪೂರ್ತಿಯಾಗುವುದಿಲ್ಲ.

ಮೂತಿಯ ಮೇಲೊಂದು ನಕ್ಷತ್ರ

1969ರಲ್ಲಿ ನನಗೆ ಹದಿನಾರು ವರ್ಷ. ಉಪ್ಪಿನಂಗಡಿಯ ಹತ್ತಿರ ನಮ್ಮ ಹಳ್ಳಿ. ಅಪ್ಪ ತೀರಿಕೊಂಡಿದ್ದರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ನನ್ನನ್ನು ಅಮ್ಮ ಪರಿಚಯದ ಒಬ್ಬ ಲಾರಿ ಡ್ರೈವರಿಗೆ ಒಪ್ಪಿಸಿದರು. “ಹೊಟ್ಟೆಗೆ ಹಾಕಿ, ಕೆಲಸ ಕಲಿಸಿ” ಎಂದರು, ಅಷ್ಟೇ. ಸಂಬಳ ತಿಂಗಳಿಗೆ ಮೂವತ್ತು ರೂಪಾಯಿ. ಊಟ ಲಾರಿಯ ಲೆಕ್ಕದಲ್ಲಿ.

ಲಾರಿಯ ಲೋಕದಲ್ಲಿ ಕ್ಲೀನರ್ ಹುಡುಗರು ಡ್ರೈವರನ್ನು ‘ಉಸ್ತಾದ್’ ಎಂದು ಕರೆಯುತ್ತಿದ್ದರು. ಉಸ್ತಾದ್ ಎಂದರೆ ಗುರು. ನಮ್ಮ ಉಸ್ತಾದರು ಬ್ಯಾರಿ ಸಮುದಾಯದವರು. ಬಿಳಿ ಲುಂಗಿ, ತಲೆಗೊಂದು ವಸ್ತ್ರ, ಕಿವಿಯ ಸಂದಿಯಲ್ಲಿ ಬೀಡಿ. ನನ್ನೊಡನೆ ತುಳುವಿನಲ್ಲೇ ಮಾತು. ಮಾತು ಕಡಿಮೆ, ಕಣ್ಣಿನಲ್ಲೇ ಹೆಚ್ಚು.

ನಮ್ಮದು ಟಾಟಾ ಮರ್ಸಿಡಿಸ್ ಬೆಂಜ್ ಲಾರಿ. ಜನರ ಬಾಯಲ್ಲಿ ಬರೀ ‘ಬೆಂಜ್ ಲಾರಿ’. ಮುಂದೆ ಉದ್ದಕ್ಕೆ ಚಾಚಿದ ಮೂತಿ, ಆ ಮೂತಿಯ ಮೇಲೆ ಮೂರು ಕಡ್ಡಿಯ ನಕ್ಷತ್ರ. ದಿನಾ ಬೆಳಿಗ್ಗೆ ಆ ನಕ್ಷತ್ರವನ್ನು ಬೂದಿ ಹಾಕಿ ಉಜ್ಜಿ ಹೊಳಪು ಬರಿಸುವುದೇ ನನ್ನ ಮೊದಲ ಕೆಲಸ. ಜರ್ಮನಿಯ ಡೈಮ್ಲರ್ ಬೆಂಜ್ ಕಂಪನಿಯ ಜೊತೆ ಸೇರಿ ಟಾಟಾದವರು 1954ರಿಂದ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸುತ್ತಿದ್ದರು. 1969ರಲ್ಲಿ ಆ ಒಪ್ಪಂದ ಮುಗಿಯಿತು. ನಕ್ಷತ್ರ ಹೋಗಿ ಟಾಟಾದ ‘ಟಿ’ ಅಕ್ಷರ ಬಂತು. ಆದರೂ ಎಷ್ಟೋ ವರ್ಷ ಜನ ಬೆಂಜ್ ಎನ್ನುವುದನ್ನು ಬಿಡಲಿಲ್ಲ.

ಎದುರು ಬರುವ ಇನ್ನೊಂದು ಜಾತಿಯೆಂದರೆ ಮದ್ರಾಸಿನ ಲೇಲ್ಯಾಂಡ್. 1948ರಲ್ಲಿ ಅಶೋಕ್ ಮೋಟಾರ್ಸ್ ಎಂಬ ಹೆಸರಿನಲ್ಲಿ ಆಸ್ಟಿನ್ ಕಾರು ಜೋಡಿಸಲು ಹುಟ್ಟಿದ ಕಂಪನಿ, 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಅವರ ಕಾಮೆಟ್ ಲಾರಿ ಬಲು ಗಟ್ಟಿ. ಬೆಡ್‌ಫೋರ್ಡ್, ಡಾಡ್ಜ್, ಫಾರ್ಗೋ ಲಾರಿಗಳೂ ಇದ್ದವು. ಕತ್ತಲಲ್ಲಿ ಬರೀ ಸದ್ದು ಕೇಳಿ ಬರುವುದು ಯಾವ ಲಾರಿ ಎಂದು ಹೇಳುವುದು ನಮ್ಮ ಕ್ಲೀನರ್ ಹುಡುಗರ ಆಟ. ಸೋತವನು ಚಹಾ ಕೊಡಿಸಬೇಕು.

ಮಕ್ಕಳೇ, ನಿಮಗೊಂದು ಗುಟ್ಟು. ನಮ್ಮ ಲಾರಿಯ ಮೇಲೆ 1210 ಎಂದು ಬರೆದಿತ್ತು. ಮೊದಲಿನ 12 ಎಂದರೆ ಸರಕೂ ಸೇರಿ ಲಾರಿಯ ಒಟ್ಟು ತೂಕ ಸುಮಾರು 12 ಟನ್. ಕೊನೆಯ 10 ಎಂದರೆ ಇಂಜಿನ್ನಿನ ಶಕ್ತಿ ಹತ್ತು ಹತ್ತಲಿ ನೂರು, ಅಂದರೆ ಸುಮಾರು 100 ಅಶ್ವಶಕ್ತಿ. ಈಗಲೂ ರಸ್ತೆಯಲ್ಲಿ ಓಡುವ ಟಾಟಾ 407 ನೋಡಿ: 4 ಟನ್‌ನ ವರ್ಗ, 70 ಅಶ್ವಶಕ್ತಿಯ ವರ್ಗ. ಹಾಗಾದರೆ 1613 ಎಂದರೆ ಎಷ್ಟು? ಮುಂದಿನ ಸಲ ಬಸ್ಸಿನಲ್ಲಿ ಕೂತಾಗ ಲೆಕ್ಕ ಹಾಕಿ.

ಆಗ ಕಾರ್ಖಾನೆಯಿಂದ ಬರುತ್ತಿದ್ದುದು ಪೂರ್ತಿ ಲಾರಿಯಲ್ಲ. ಇಂಜಿನ್, ಚಕ್ರ, ಸ್ಟಿಯರಿಂಗು, ಉದ್ದನೆಯ ಚಾಸಿ. ಮೇಲೆ ಛಾವಣಿಯೂ ಇಲ್ಲ, ಬಾಗಿಲೂ ಇಲ್ಲ. ಡ್ರೈವರುಗಳು ತಲೆಗೆ ಮುಂಡಾಸು ಸುತ್ತಿಕೊಂಡು, ಬಿಸಿಲು ಮಳೆ ತಿನ್ನುತ್ತಾ ಆ ಬೋಳು ಚಾಸಿಯನ್ನು ಜಮ್‌ಶೆಡ್‌ಪುರದಿಂದ ದಕ್ಷಿಣಕ್ಕೆ ಓಡಿಸಿಕೊಂಡು ಬರುತ್ತಿದ್ದರು. ಬೆಂಗಳೂರಿಗೆ ಎರಡು ಸಾವಿರ ಕಿಲೋಮೀಟರಿನ ಹತ್ತಿರ ಹತ್ತಿರ. ಆಮೇಲೆ ನಮ್ಮ ಬಡಗಿಗಳು ಅದಕ್ಕೆ ಮರದ ಕ್ಯಾಬಿನ್ನು, ಮರದ ಬಾಡಿ ಕಟ್ಟುತ್ತಿದ್ದರು. ಪೇಂಟರು ಹೂವು, ನವಿಲು ಬರೆದು, ಹಿಂದೆ ‘ಸೌಂಡ್ ಹಾರನ್’ ಎಂದೂ ‘ತಾಯಿಯ ಆಶೀರ್ವಾದ’ ಎಂದೂ ಬರೆದರೆ ಲಾರಿಗೆ ಜೀವ ಬಂದ ಹಾಗೆ. ಶಾಲೆ ಬಿಟ್ಟ ನಾನು ಓದು ಮರೆಯದೆ ಉಳಿದದ್ದು ಲಾರಿಗಳ ಬೆನ್ನು ಮತ್ತು ಮೈಲಿಗಲ್ಲುಗಳ ದಯೆಯಿಂದ.

ಇದ್ದಿಲಿನ ಹೊಗೆಯಲ್ಲಿ ಓಡಿದ ಗಾಡಿ

ಉಸ್ತಾದರು ನನಗಿಂತ ಹಳಬರು. ಅವರು ಹುಡುಗನಾಗಿ ಮೋಟಾರಿಗೆ ಸೇರಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಂತೆ. ಆಗ ಪೆಟ್ರೋಲಿಗೆ ರೇಷನ್ನು. ಅದಕ್ಕೇ ನಮ್ಮ ಕಡೆಯ ಗಾಡಿಗಳ ಹಿಂದೆ ಒಂದು ದೊಡ್ಡ ಕಬ್ಬಿಣದ ಒಲೆ ಕಟ್ಟುತ್ತಿದ್ದರು. ಅದರೊಳಗೆ ಇದ್ದಿಲು. ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದ ಇದ್ದಿಲಿನಿಂದ ಹೊತ್ತಿಕೊಳ್ಳುವ ಒಂದು ಅನಿಲ ಬರುತ್ತದೆ. ಆ ಗ್ಯಾಸಿನಲ್ಲೇ ಇಂಜಿನ್ ಓಡುತ್ತಿತ್ತು. ಗಾಡಿ ಹೊರಡುವುದಕ್ಕೆ ಅರ್ಧ ಗಂಟೆ ಮೊದಲೇ ಹುಡುಗ ಬಂದು ಕೈಯಿಂದ ತಿದಿಯ ಚಕ್ರ ತಿರುಗಿಸಿ ಬೆಂಕಿ ಎಬ್ಬಿಸಬೇಕು. ಏರು ಬಂದರೆ ಗಾಡಿಗೆ ದಮ್ಮು ಸಾಲದು. ಪ್ರಯಾಣಿಕರು ಇಳಿದು ತಳ್ಳಬೇಕು.

“ಟಿಕೆಟಿಗೆ ದುಡ್ಡು ಕೊಟ್ಟು, ಮೇಲಿಂದ ಬಸ್ಸನ್ನೂ ತಳ್ಳಿ, ಮೈಯೆಲ್ಲ ಮಸಿ ಮಾಡಿಕೊಂಡು ಮದುವೆಗೆ ಹೋಗುತ್ತಿದ್ದರು ಮಾರಾಯ!” ಎಂದು ಉಸ್ತಾದರು ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ಕಂಡದ್ದು ಅಂಥ ಕಥೆ ಹೇಳುವಾಗ ಮಾತ್ರ.

ಹಂಚು ಮೇಲಕ್ಕೆ, ಬಟಾಟೆ ಕೆಳಕ್ಕೆ

ನಮ್ಮ ದಾರಿ ಮಂಗಳೂರಿನಿಂದ ಬೆಂಗಳೂರಿಗೆ. ಬಿ.ಸಿ. ರೋಡು, ಕಲ್ಲಡ್ಕ, ಮಾಣಿ, ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ. ಅಲ್ಲಿಂದ ಘಾಟಿ ಏರಿ ಮಾರನಹಳ್ಳಿ, ದೋಣಿಗಲ್, ಸಕಲೇಶಪುರ. ಮತ್ತೆ ಹಾಸನ, ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ. ಸುಮಾರು 350 ಕಿಲೋಮೀಟರು. ಈಗ ಕಾರಿನಲ್ಲಿ ಏಳೆಂಟು ಗಂಟೆ. ನಮಗೆ ಒಂದು ರಾತ್ರಿ, ಒಂದು ಹಗಲು. ಮಳೆಗಾಲದಲ್ಲಿ ದೇವರೇ ಲೆಕ್ಕ. ಹಾಸನ–ಮಂಗಳೂರು ರೈಲು ಬಂದದ್ದು 1979ರಲ್ಲಿ. ಅಲ್ಲಿಯವರೆಗೆ ಕರಾವಳಿಯಿಂದ ಈ ದಾರಿಯಾಗಿ ಘಟ್ಟ ಹತ್ತುವ ಸರಕಿಗೆಲ್ಲ ಲಾರಿಯೇ ಗತಿ.

ಮೇಲಕ್ಕೆ ಒಯ್ಯುತ್ತಿದ್ದುದು ಹೆಚ್ಚಾಗಿ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹೆಸರಾದ ಕೆಂಪು ಹಂಚು. ಹೆಂಗಸರು ಗಂಡಸರು ಸಾಲಾಗಿ ನಿಂತು ಕೈಯಿಂದ ಕೈಗೆ ಹಂಚು ದಾಟಿಸುವುದನ್ನು ನೋಡುವುದೇ ಚಂದ. ಒಂದು ಹಂಚು ಎರಡರಿಂದ ಎರಡೂವರೆ ಕಿಲೋ. ಒಂದು ಲೋಡಿಗೆ ಮೂರು ಸಾವಿರದ ಹತ್ತಿರ. ಗುಣಿಸಿ ನೋಡಿದರೆ ಏಳು ಟನ್ನಿನ ಆಸುಪಾಸು. ಹಂಚಿನ ನಡುವೆ ಬೈಹುಲ್ಲು ಇಟ್ಟು, ಅಡ್ಡಲಾಗಿ ಅಲ್ಲ, ನೇರ ನಿಲ್ಲಿಸಿ ಜೋಡಿಸಬೇಕು. ಮಲಗಿಸಿದರೆ ಮೇಲಿನ ಭಾರಕ್ಕೆ ಅಡಿಯದ್ದು ಪುಡಿ. ಕೆಳಗೆ ಬರುವಾಗ ಅಕ್ಕಿ, ಕಾಫಿ, ತರಕಾರಿ, ಹಾಸನದ ಬಟಾಟೆ.

ಕ್ಲೀನರಿನ ಕೆಲಸ ಬರೀ ಲಾರಿ ತೊಳೆಯುವುದಲ್ಲ. ಡ್ರೈವರ್ ಬಲಗಡೆ ಕೂತಿರುತ್ತಾರೆ, ಅವರಿಗೆ ಎಡಗಡೆ ಕಾಣಿಸುವುದಿಲ್ಲ. ಆ ಕಣ್ಣು ನಾನು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ “ರೈಟ್… ರೈಟ್… ಓಲ್ಡಾನ್!” ಎಂದು ಕೂಗಬೇಕು. ಎಂಜಿನ್ ಸದ್ದಿನಲ್ಲಿ ಕೇಳದಿದ್ದರೆ ಬಾಡಿಗೆ ಬಡಿಯಬೇಕು. ಎರಡು ಪೆಟ್ಟು ಎಂದರೆ ಹೋಗಲಿ, ಒಂದೇ ಪೆಟ್ಟು ಎಂದರೆ ನಿಲ್ಲು.

ಲಾರಿ ನಿಂತ ಕಡೆಯೆಲ್ಲ ಕಬ್ಬಿಣದ ಸರಳು ಹಿಡಿದು ಪ್ರತಿ ಟಯರಿಗೂ ಬಡಿಯಬೇಕು. ಗಾಳಿ ತುಂಬಿದ ಟಯರಾದರೆ ಸರಳು ಪುಟಿದು ಕೈಗೇ ಬರುತ್ತದೆ. ಗಾಳಿ ಹೋಗಿದ್ದರೆ ‘ಡಬ್’ ಎಂದು ಸತ್ತ ಸದ್ದು. ಹಿಂದಿನ ಜೋಡಿ ಟಯರುಗಳಲ್ಲಿ ಒಳಗಿನದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಕಿವಿಯೇ ಬೇಕು. ಎರಡು ಟಯರಿನ ನಡುವೆ ಕಲ್ಲು ಸಿಕ್ಕಿದ್ದರೆ ಕಿತ್ತು ತೆಗೆಯಬೇಕು. ತೊರೆ ಕಂಡಲ್ಲಿ ಡಬ್ಬಿಯಲ್ಲಿ ನೀರು ತಂದು ಬಿಸಿಯಾದ ರೇಡಿಯೇಟರಿಗೆ ಹೊಯ್ಯಬೇಕು. ಟಾರ್ಪಾಲು ಬಿಗಿದು ಹಗ್ಗದ ಗಂಟು ನೋಡಬೇಕು. ರಾತ್ರಿ ಲಾರಿಯ ಅಡಿಯಲ್ಲೇ ಸೀಮೆಎಣ್ಣೆ ಸ್ಟವ್ ಹಚ್ಚಿ ಕುಚ್ಚಲಕ್ಕಿ ಅನ್ನ ಬೇಯಿಸಬೇಕು. ಒಣಮೀನಿನ ಚಟ್ನಿ ಇದ್ದರೆ ಅದೇ ಹಬ್ಬ.

ಎಲ್ಲಕ್ಕಿಂತ ಮುಖ್ಯ ಕೆಲಸ, ಘಾಟಿಯಲ್ಲಿ ಲಾರಿ ನಿಂತ ಕೂಡಲೇ ಗಾಲಿಗೆ ಅಡ್ಡ ಕೊಡುವುದು. ಅದಕ್ಕೇ ಈ ಮರದ ತುಂಡು. ನಿದ್ದೆಯಲ್ಲೂ ಅದು ನನ್ನ ಕಾಲಿನ ಹತ್ತಿರವೇ ಇರಬೇಕಿತ್ತು.

ಹತ್ತುವ ಗೇರಿನಲ್ಲೇ ಇಳಿಯಬೇಕು

ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಅಲ್ಲಿಂದ ಗುಂಡ್ಯಕ್ಕೆ ಇಳಿಯುವಾಗ ಪಕ್ಕದಲ್ಲಿ ಕೆಂಪುಹೊಳೆ, ಇನ್ನೊಂದು ಪಕ್ಕ ಗುಡ್ಡ. ಆಗಿನ ರಸ್ತೆ ಕಿರಿದು. ಉಸ್ತಾದರ ಮೊದಲ ಪಾಠ: “ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ.”

ಯಾಕೆ ಗೊತ್ತೇ? ಎರಡೂ ಅಂಗೈಗಳನ್ನು ಜೋರಾಗಿ ಉಜ್ಜಿ ನೋಡಿ. ಬಿಸಿಯಾಗುತ್ತದೆ. ಬ್ರೇಕೂ ಹಾಗೆಯೇ. ಇಳಿಜಾರಿನಲ್ಲಿ ಬ್ರೇಕನ್ನು ಒತ್ತುತ್ತಲೇ ಇದ್ದರೆ ಅದು ಕಾದು, ಹಿಡಿತ ಕಳೆದುಕೊಳ್ಳುತ್ತದೆ. ಸಣ್ಣ ಗೇರಿನಲ್ಲಿ ಇಳಿದರೆ ಇಂಜಿನ್ನೇ ಲಾರಿಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ, ಬ್ರೇಕಿಗೆ ವಿಶ್ರಾಂತಿ.

ಎರಡನೆಯ ಪಾಠ: ಹತ್ತುವವನಿಗೆ ದಾರಿ ಬಿಡು. ಭಾರ ಹೊತ್ತು ಏರುವ ಲಾರಿ ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ, ಹಿಂದಕ್ಕೂ ಜಾರಬಹುದು. ಇಳಿಯುವವನು ನಿಂತರೆ ನಷ್ಟವಿಲ್ಲ. ಕಿರಿದಾದ ಗುಡ್ಡದ ರಸ್ತೆಯಲ್ಲಿ ಏರುವ ವಾಹನಕ್ಕೇ ಮೊದಲ ಹಕ್ಕು ಎಂಬುದು ನಮ್ಮ ದೇಶದ ರಸ್ತೆ ನಿಯಮದಲ್ಲೂ ಇದೆ. ಉಸ್ತಾದರು ನಿಯಮದ ಪುಸ್ತಕ ಓದಿದವರಲ್ಲ. ಅವರಿಗೆ ಘಾಟಿಯೇ ಪುಸ್ತಕ.

ದಾರಿಯಲ್ಲಿ ಯಾವ ಲಾರಿ ಕೆಟ್ಟು ನಿಂತಿದ್ದರೂ ನಾವು ನಿಲ್ಲಿಸುತ್ತಿದ್ದೆವು. “ಎಂತ ಬೇಕಣ್ಣ?” ಎಂದು ಕೇಳದೆ ಮುಂದೆ ಹೋದವನನ್ನು ಲಾರಿಯವನೆಂದು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಜಾಕಿ, ಫ್ಯಾನ್ ಬೆಲ್ಟು, ಅರ್ಧ ಡಬ್ಬಿ ಡೀಸೆಲು, ಏನಿದ್ದರೂ ಕೊಡುವುದು. ಮೊಬೈಲ್ ಇಲ್ಲದ ಕಾಲ. ಯಾರದೋ ಮನೆಗೆ ಚೀಟಿ, ಯಾವುದೋ ಅಂಗಡಿಗೆ ಬೆಲ್ಲ, ಹಾಸನದ ಆಸ್ಪತ್ರೆಯಲ್ಲಿದ್ದ ಯಾರಿಗೋ ಬುತ್ತಿ, ಎಲ್ಲವೂ ನಮ್ಮ ಕೈಯಲ್ಲೇ ಹೋಗುತ್ತಿತ್ತು. ಬಾಡಿಗೆ ಯಾರೂ ಕೇಳುತ್ತಿರಲಿಲ್ಲ.

ಒಂಬತ್ತು ಕಲ್ಲು

1970ರ ಸೋಣ ತಿಂಗಳು. ಹಾಸನದಿಂದ ಬಟಾಟೆ ತುಂಬಿಕೊಂಡು ಇಳಿಯುತ್ತಿದ್ದೆವು. ದೋಣಿಗಲ್ ದಾಟಿ ಸ್ವಲ್ಪ ದೂರ ಬಂದಿದ್ದೆವು, ಜಿಟಿಜಿಟಿ ಮಳೆ. ತಿರುವಿನಲ್ಲಿ ‘ಟಣ್’ ಎಂದು ಹಿಂದಿನಿಂದ ಸದ್ದು. ಆ್ಯಕ್ಸಲ್ ಕಟ್! ಆ್ಯಕ್ಸಲ್ ಮುರಿದರೆ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪಿತು. ಲಾರಿಯನ್ನು ಹಿಡಿದು ಎಳೆಯುತ್ತಿದ್ದ ಇಂಜಿನ್ ಈಗ ಇದ್ದೂ ಇಲ್ಲದ ಹಾಗೆ. ಉಸ್ತಾದರು ಎದ್ದು ನಿಂತು ಬ್ರೇಕ್ ಒತ್ತಿ, “ಅಡ್ಡ ಕೊಡು!” ಎಂದು ಕೂಗಿದರು.

ನಾನು ಮರದ ತುಂಡು ಹಿಡಿದು ಹಾರಿದೆ. ಹಿಂದಿನ ಗಾಲಿಯ ಮುಂದೆ ತಳ್ಳಿದೆ. ಲಾರಿ ಅದನ್ನೂ ತಳ್ಳಿಕೊಂಡು ಒಂದು ಗೇಣು ಮುಂದೆ ಜಾರಿತು. ಮರ ಕಿರ್ ಎಂದಿತು. ನಿಂತಿತು. ನನ್ನ ಕೈ ಗಾಲಿಯಿಂದ ನಾಲ್ಕು ಬೆರಳು ದೂರದಲ್ಲಿತ್ತು. ಈ ತುಂಡಿನ ಅಂಚಿನಲ್ಲಿರುವ ಟಯರಿನ ಗುರುತು ಆ ದಿನದ್ದೇ.

ಉಸ್ತಾದರು ಮೇಲೆ ಹೋಗುವ ಲಾರಿ ಹತ್ತಿ ಹೊಸ ಆ್ಯಕ್ಸಲ್ ತರಲು ಸಕಲೇಶಪುರಕ್ಕೆ ಹೋದರು. ಈಗಿನ ಹಾಗೆ ಹೊಳೆಯುವ ತ್ರಿಕೋನ ಫಲಕ ಆಗ ನಮ್ಮಲ್ಲಿರಲಿಲ್ಲ. ಹಿಂದೆ ಬರುವವರಿಗೆ ಕಾಣಲೆಂದು ನಾನು ಗುಡ್ಡದ ಬದಿಯಿಂದ ದೊಡ್ಡ ದೊಡ್ಡ ಕಲ್ಲು ಉರುಳಿಸಿ ತಂದು ಲಾರಿಯ ಹಿಂದೆ ಸಾಲಾಗಿ ಇಟ್ಟೆ. ಸೊಪ್ಪಿನ ಗೆಲ್ಲುಗಳನ್ನೂ ಮುರಿದು ಹಾಕಿದೆ. ಒಟ್ಟು ಒಂಬತ್ತು ಕಲ್ಲು.

ಉಸ್ತಾದರು ಬಂದಾಗ ರಾತ್ರಿ ಹತ್ತು. ಟಾರ್ಚಿನ ಬೆಳಕಿನಲ್ಲಿ ರಿಪೇರಿ ಮುಗಿಯುವಾಗ ನಡುರಾತ್ರಿ. ಮೈಯೆಲ್ಲ ನೆನೆದು ಹಲ್ಲು ಕಟಕಟ ಎನ್ನುತ್ತಿತ್ತು. ಲಾರಿ ಶುರುವಾಯಿತು. ನಾನು ಮರದ ತುಂಡು ಎತ್ತಿಕೊಂಡು ಓಡಿ ಹತ್ತಿದೆ. ಸ್ವಲ್ಪ ದೂರ ಬಂದ ಮೇಲೆ ಉಸ್ತಾದರು ಕೇಳಿದರು, “ಕಲ್ಲು ತೆಗೆದೆಯಾ?”

ತೆಗೆದಿರಲಿಲ್ಲ. ಮತ್ತೆ ಮಳೆಯಲ್ಲಿ ಇಳಿದು ಹಿಂದಕ್ಕೆ ನಡೆಯಬೇಕಲ್ಲ ಎಂದು ನಾನು “ಹೂಂ” ಎಂದೆ.

ಮಾರನಹಳ್ಳಿಯಲ್ಲಿ ಲಾರಿ ನಿಲ್ಲಿಸಿ ಮಲಗಿದೆವು. ಬೆಳಿಗ್ಗೆ ಚಹಾದಂಗಡಿಗೆ ಹೋದರೆ ಬರೀ ಕಪ್ಪು ಚಹಾ. “ಹಾಲಿನವ ಇನ್ನೂ ಬಂದಿಲ್ಲ, ಒಂದು ದಿನವೂ ತಡ ಮಾಡಿದವನಲ್ಲ,” ಎಂದು ಅಂಗಡಿಯವರು ಗೊಣಗುತ್ತಿದ್ದರು. ಅಷ್ಟರಲ್ಲಿ ಮೇಲಿಂದ ಇಳಿದ ಲಾರಿಯೊಂದು ನಿಂತಿತು. ಡ್ರೈವರು ಇಳಿಯುತ್ತಲೇ ಬೈಯುತ್ತಿದ್ದರು. ಯಾವನೋ ಲಾರಿಯವನು ನಡುರಸ್ತೆಯಲ್ಲಿ ಕಲ್ಲು ಬಿಟ್ಟು ಹೋಗಿದ್ದಾನೆ, ಕತ್ತಲಲ್ಲಿ ಸೈಕಲ್ಲಿನವನು ಹೊಡೆದು ಬಿದ್ದಿದ್ದಾನೆ, ಕಾಲು ಮುರಿದಿದೆ, ಸಕಲೇಶಪುರಕ್ಕೆ ಹೋಗುವ ಗಾಡಿ ಬೇಕು ಎಂದರು.

ಸೈಕಲ್ಲಿನ ಡೈನಮೋ ದೀಪ ನಿಮ್ಮ ಅಜ್ಜಂದಿರಿಗೆ ಗೊತ್ತು. ಮೆಲ್ಲಗೆ ಹೋದರೆ ಅದರ ಬೆಳಕೂ ಮಂಕು. ಮಳೆಗೆ ಬ್ರೇಕ್ ಹಿಡಿದು ಮೆಲ್ಲಗೆ ಇಳಿಯುತ್ತಿದ್ದ ಹಾಲಿನವರಿಗೆ ಕಲ್ಲು ಕಾಣಿಸಿಯೇ ಇರಲಿಲ್ಲ.

ಉಸ್ತಾದರು ನನ್ನ ಮುಖ ನೋಡಿದರು. ಆಮೇಲೆ ಆ ಡ್ರೈವರಿಗೆ ಹೇಳಿದರು, “ಆ ಲಾರಿಯವ ನಾನೇ.”

ಮೇಲೆ ಹೋಗುವ ಲಾರಿಯೊಂದನ್ನು ನಿಲ್ಲಿಸಿ ಇಬ್ಬರೂ ಹತ್ತಿದೆವು. ತಿರುವಿನಲ್ಲಿ ಹಾಲಿನ ಕ್ಯಾನು ಉರುಳಿ ಬಿದ್ದಿತ್ತು. ರಸ್ತೆಯ ಅಂಚಿನಲ್ಲಿ ಮಳೆನೀರಿನ ಜೊತೆ ಹಾಲು ಬೆಳ್ಳಗೆ ಹರಿಯುತ್ತಿತ್ತು. ನಾಲ್ಕೈದು ಜನ ಸೇರಿ ಅವರನ್ನು ಲಾರಿಗೆ ಎತ್ತಿದರು. ಉಸ್ತಾದರು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ನನಗೆ ಹೇಳಿದ್ದು ಎರಡೇ ಮಾತು: “ಎಲ್ಲ ಕಲ್ಲು ತೆಗೆ. ಆಮೇಲೆ ನಡೆದು ಕೆಳಗೆ ಹೋಗು.”

ಒಬ್ಬನೇ ಒಂಬತ್ತು ಕಲ್ಲು ತೆಗೆದೆ. ಇಡುವಾಗ ಇಲ್ಲದ ಭಾರ ಆಗ ಅವಕ್ಕೆ ಬಂದಿತ್ತು.

ಬಾಗಿಲು ತೆರೆಯಲು ಹಿಡಿದ ಕಾಲ

ಉಸ್ತಾದರು ಸಂಜೆ ಬಂದರು. ಹೊಡೆಯುತ್ತಾರೆ ಎಂದು ಕಾದೆ. ಹೊಡೆದಿದ್ದರೆ ಸಮಾಧಾನವಾಗುತ್ತಿತ್ತು. ಮಂಗಳೂರು ಮುಟ್ಟುವವರೆಗೆ ಮಾತಾಡಲಿಲ್ಲ. ಲೋಡು ಇಳಿಸಿದ ಮೇಲೆ ಹೇಳಿದರು, “ಲಾರಿ ಧಣಿಗಳದ್ದು. ಸರಕು ಸಾಹುಕಾರರದ್ದು. ರಸ್ತೆ ಮಾತ್ರ ನಾವು ದಾಟಿದ ಮೇಲೆ ಹಿಂದೆ ಬರುವವನದ್ದು. ಅವನ ಮುಖ ನಮಗೆ ಕಾಣುವುದಿಲ್ಲ ಅಂತ ಅವನು ಇಲ್ಲ ಅಂತಲ್ಲ.”

ಆ ಟ್ರಿಪ್ಪಿನ ಬತ್ತೆಯನ್ನೆಲ್ಲ ಅವರು ಹಾಲಿನವರ ಆಸ್ಪತ್ರೆಯ ಖರ್ಚಿಗೆ ಕೊಟ್ಟಿದ್ದರು ಎಂದು ನನಗೆ ಆಮೇಲೆ ಬೇರೆಯವರಿಂದ ತಿಳಿಯಿತು.

ಅಲ್ಲಿಂದ ಮುಂದೆ ಪ್ರತಿ ಸಲ ಘಾಟಿ ಹತ್ತುವಾಗ ದೋಣಿಗಲ್ ಹತ್ತಿರ ಅವರ ಮನೆಯ ಮುಂದೆ ಲಾರಿ ನಿಲ್ಲುತ್ತಿತ್ತು. ಉಸ್ತಾದರು ಮಂಗಳೂರಿನ ಮೀನೋ ತೆಂಗಿನಕಾಯಿಯೋ ಕೊಟ್ಟು ಕಳಿಸುತ್ತಿದ್ದರು. ಮೊದಲ ಸಲ ಅವರ ಹೆಂಡತಿ ಬಾಗಿಲು ತೆರೆಯಲಿಲ್ಲ. ಜಗಲಿಯಲ್ಲಿ ಇಟ್ಟು ಬಂದೆ. ಎರಡನೆಯ ಸಲ ತೆಗೆದುಕೊಂಡರು, ಮಾತಾಡಲಿಲ್ಲ. ನಾಲ್ಕನೆಯ ಸಲ ಹಾಲಿನವರು ಕೋಲೂರಿಕೊಂಡು ಹೊರಗೆ ಬಂದು, “ನಿಮ್ಮ ಗಾಡಿಯ ಆ್ಯಕ್ಸಲ್ ಸರಿ ಉಂಟಾ?” ಎಂದು ಕೇಳಿದರು. ಕಾಲು ಕೂಡಿತು, ಆದರೆ ಕುಂಟು ಉಳಿಯಿತು. ಸೈಕಲ್ ಹತ್ತಲಾಗದೆ ಹಾಲು ಕೊಂಡೊಯ್ಯುವ ಕೆಲಸ ಮಗನಿಗೆ ಹೋಯಿತು.

1974ರಲ್ಲಿ ನನಗೆ ಲೈಸೆನ್ಸ್ ಸಿಕ್ಕಿತು. ಮೊದಲ ಸಲ ನಾನೇ ಲೋಡು ತುಂಬಿದ ಲಾರಿ ಓಡಿಸಿಕೊಂಡು ಘಾಟಿ ಹತ್ತಿ, ಅವರ ಮನೆಯ ಮುಂದೆ ನಿಲ್ಲಿಸಿದೆ. ನಾಲ್ಕು ವರ್ಷದಿಂದ ಗಂಟಲಲ್ಲಿ ಇದ್ದದ್ದನ್ನು ಹೇಳಿದೆ. “ಆ ದಿನ ಕಲ್ಲು ಬಿಟ್ಟದ್ದು ಉಸ್ತಾದರಲ್ಲ. ನಾನು.”

“ಗೊತ್ತು ಹುಡುಗ,” ಎಂದರು ಅವರು. “ಲಾರಿಗೆ ನನ್ನನ್ನು ಎತ್ತುವಾಗ ನಿನ್ನ ಮುಖ ನೋಡಿದ್ದೆ. ನೀನೇ ಬಂದು ಹೇಳ್ತೀಯಾ ಇಲ್ಲವಾ ಅಂತ ಕಾಯ್ತಿದ್ದೆ.” ಆ ದಿನ ಅವರ ಮನೆಯಲ್ಲಿ ಹಾಲು ಹಾಕಿದ ಚಹಾ ಕುಡಿದೆ.

ಆಯುಧ ಪೂಜೆಯ ಕುಂಬಳಕಾಯಿ

ಆಯುಧ ಪೂಜೆಯ ದಿನ ಲಾರಿಗೆ ಚೆಂಡು ಹೂವಿನ ಮಾಲೆ, ಬಾಳೆ ಕಂದು, ಗಾಲಿಗೆ ನಿಂಬೆಹಣ್ಣು. ಉಸ್ತಾದರು ಅಂದು ಮಿಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುತ್ತಿದ್ದರು. ಪೂಜೆ ಮುಗಿಯುವವರೆಗೆ ಬದಿಯಲ್ಲಿ ನಿಂತು, ಆಮೇಲೆ ಅವಲಕ್ಕಿ ತಿಂದು, ಲಾರಿಯನ್ನು ನಿಂಬೆಹಣ್ಣಿನ ಮೇಲೆ ಹಾಯಿಸುವವರು ಅವರೇ. ಬೂದುಗುಂಬಳ ಒಡೆದ ಕೂಡಲೇ ನನ್ನ ಕಡೆ ನೋಡುತ್ತಿದ್ದರು. ನಾನು ಬುಟ್ಟಿ ಹಿಡಿದು ಒಂದು ಚೂರೂ ಬಿಡದೆ ಹೆಕ್ಕುತ್ತಿದ್ದೆ. ಕುಂಬಳದ ತಿರುಳಿನ ಮೇಲೆ ಬೈಕು ಹತ್ತಿದರೆ ಏನಾಗುತ್ತದೆ ಎಂದು ನಿಮಗೂ ಗೊತ್ತು. ಪ್ರತಿ ವರ್ಷ ದಸರಾದಲ್ಲಿ ಪೊಲೀಸರು ಇದನ್ನೇ ಹೇಳುತ್ತಾರೆ.

ಕಾಲ ಬದಲಾಯಿತು. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. 1975ರಲ್ಲಿ ನವ ಮಂಗಳೂರು ಬಂದರು ಉದ್ಘಾಟನೆಯಾದ ಮೇಲೆ ಘಾಟಿಯಲ್ಲಿ ಲಾರಿಗಳ ಸಾಲು ಉದ್ದವಾಯಿತು. ‘ಎಂವೈ’ ಎಂದು ಶುರುವಾಗುತ್ತಿದ್ದ ನಂಬರ್ ಪ್ಲೇಟು ಕೊನೆಗೆ ‘ಕೆಎ’ ಆಯಿತು. 2017ರಲ್ಲಿ ಜಿಎಸ್‌ಟಿ ಬಂದು ಸರಕಿನ ತೆರಿಗೆಗಾಗಿ ಚೆಕ್‌ಪೋಸ್ಟಿನಲ್ಲಿ ಗಂಟೆಗಟ್ಟಲೆ ಕಾಯುವುದು ತಪ್ಪಿತು. ಘಾಟಿಯ ರಸ್ತೆಗೆ ಕಾಂಕ್ರೀಟು ಬಂತು. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಇರಬೇಕೆಂದು ಸರ್ಕಾರ ನಿಯಮ ಮಾಡಿದೆ. ಇಂಜಿನ್ನಿನ ಕಾವಿಗೆ ಕಾಲು ಸುಟ್ಟುಕೊಂಡು ಓಡಿಸಿದ ನನಗೆ ಅದನ್ನು ಕೇಳಿ ಹೊಟ್ಟೆಕಿಚ್ಚಾಗಲಿಲ್ಲ, ಸಂತೋಷವೇ ಆಯಿತು. ಹಳೆಯ ದಿನಗಳು ಚಂದ ಎಂದು ಹೇಳುವುದು ಸುಲಭ. ನಿದ್ದೆಗೆಟ್ಟ ಡ್ರೈವರುಗಳು, ಶಾಲೆ ಬಿಟ್ಟ ಹುಡುಗರು, ಮನೆಯಲ್ಲಿ ದೀಪ ಹಚ್ಚಿ ಕಾದ ಹೆಂಗಸರು, ಅವೂ ಆ ದಿನಗಳೇ. ಮಕ್ಕಳೇ, ನನ್ನ ಹಾಗೆ ಹದಿನಾರಕ್ಕೆ ಲಾರಿ ಹತ್ತಬೇಡಿ. ಮೊದಲು ಓದಿ.

ಕಳೆದ ದಸರಾ ರಜೆಯಲ್ಲಿ ಮಗ ಕಾರಿನಲ್ಲಿ ನಮ್ಮನ್ನು ಬೆಂಗಳೂರಿಗೆ ಕರೆದೊಯ್ಯುತ್ತಿದ್ದ. ಸಕಲೇಶಪುರ ದಾಟಿದ ಮೇಲೆ ರಸ್ತೆಯಲ್ಲಿ ಅರ್ಧಚಂದ್ರದ ಹಾಗೆ ಕಲ್ಲುಗಳು, ಬಾಡಿದ ಸೊಪ್ಪು. ಕೆಟ್ಟ ಲಾರಿ ಸರಿಯಾಗಿ ಹೊರಟುಹೋಗಿತ್ತು, ಕಲ್ಲು ಉಳಿದಿತ್ತು. “ನಿಲ್ಲಿಸು” ಎಂದೆ. ಮಗ ಕಾರನ್ನು ಪೂರ್ತಿ ಬದಿಗೆ ಹಾಕಿ, ನಾಲ್ಕೂ ದೀಪ ಮಿನುಗಿಸಿ, ತ್ರಿಕೋನ ಫಲಕ ಹಿಂದೆ ಇಟ್ಟು, ತಾನೇ ಇಳಿದು ಒಂದೊಂದೇ ಕಲ್ಲನ್ನು ಚರಂಡಿಯ ಆಚೆಗೆ ಉರುಳಿಸಿದ. ನನ್ನ ಬೆನ್ನು ಈಗ ಬಗ್ಗುವುದಿಲ್ಲ. ಹಿಂದೆ ನಿಂತು ಬರುವ ಗಾಡಿಗಳಿಗೆ ಟವೆಲು ಬೀಸುವುದು ನನ್ನ ಕೆಲಸವಾಯಿತು. ಮೊಮ್ಮಗಳು ರಸ್ತೆಯ ಅಂಚಿನಾಚೆ ನಿಂತು ಎಣಿಸುತ್ತಿದ್ದಳು.

“ಏಳು ಅಜ್ಜ. ಮುಗೀತು.”

“ಸೊಪ್ಪು?”

“ಓ, ಅದೂ ಉಂಟಲ್ಲ!” ಎಂದು ಅಪ್ಪನಿಗೆ ತೋರಿಸಿದಳು.

ಮನೆಗೆ ವಾಪಸು ಬಂದ ದಿನ ಅವಳು ಬಾಗಿಲ ಬಳಿಯ ಮರದ ತುಂಡನ್ನು ಹಳೆಯ ಬಟ್ಟೆಯಿಂದ ಒರೆಸಿ, ಯಾರೂ ಎಡವದ ಹಾಗೆ ಗೋಡೆಯ ಬದಿಗೆ ಸರಿಸಿ ಇಟ್ಟಳು. ಬಿಸಾಡುವ ಮಾತು ಮತ್ತೆ ಎತ್ತಲಿಲ್ಲ.